ಸೂಚಕವೋ ಕಾರಣವೋ: ಚಯಾಪಚಯದ ಕಾಯಿಲೆಗಳಲ್ಲಿ ಉರಿಯೂತದ ಪಾತ್ರ

1876ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಎಬ್‌ಸ್ಟೈನ್ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಕೀಲುನೋವಿಗೆ ಕೊಡುವ ಸೋಡಿಯಂ ಸ್ಯಾಲಿಸಿಲೇಟನ್ನು ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೆಲವರ ಮೂತ್ರದಲ್ಲಿ ಸಕ್ಕರೆ ಇಳಿದಿತ್ತು. 1901ರಲ್ಲಿ ಮ್ಯಾಂಚೆಸ್ಟರಿನ ಆರ್. ಟಿ. ವಿಲಿಯಮ್‌ಸನ್ ಅವರಿಗೂ ಇದೇ ಕಂಡಿತು. ಮುಂದೆ ಎರಡು ದಶಕಗಳಲ್ಲಿ ಇನ್ಸುಲಿನ್ ಬಂದಿತು. ಸ್ಯಾಲಿಸಿಲೇಟಿನ ಮಾತು ಹಿಂದೆ ಸರಿಯಿತು. ಊತ, ನೋವು ಇಳಿಸುವ ಔಷಧಕ್ಕೂ ಸಕ್ಕರೆಗೂ ಏನು ಸಂಬಂಧ ಎಂಬ ಪ್ರಶ್ನೆ ಮಾತ್ರ ಸುಮಾರು ನೂರು ವರ್ಷ ಹಾಗೆಯೇ ಉಳಿಯಿತು.

ಈಗ ಸ್ಥಿತಿ ತದ್ವಿರುದ್ಧವಾಗಿದೆ. ಮಧುಮೇಹ, ಹೃದಯಾಘಾತ, ಕ್ಯಾನ್ಸರ್, ಮರೆವಿನ ಕಾಯಿಲೆ, ಯಾವುದನ್ನು ಕೇಳಿದರೂ ಉರಿಯೂತವೇ ಮೂಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಔಷಧದಂಗಡಿಯಲ್ಲಿ ಅರಿಶಿನದ ಕ್ಯಾಪ್ಸೂಲಿನಿಂದ ಹಿಡಿದು ಆರೋಗ್ಯ ತಪಾಸಣೆಯ ಪ್ಯಾಕೇಜಿನವರೆಗೆ ಈ ಮಾತಿಗೆ ಒಳ್ಳೆಯ ಮಾರುಕಟ್ಟೆಯಿದೆ. ಈ ಸಿದ್ಧಾಂತ ಸುಳ್ಳೆಂದು ನಾನು ವಾದಿಸುತ್ತಿಲ್ಲ. ಆದರೆ ಉರಿಯೂತವನ್ನು ಒಂದೇ ವಿದ್ಯಮಾನವೆಂದು ಎಣಿಸುವುದಕ್ಕೆ ಕಳೆದ ಮೂವತ್ತು ವರ್ಷಗಳ ಪ್ರಯೋಗಗಳು ಒಪ್ಪುವುದಿಲ್ಲ. ಯಾವ ಅಣು, ಯಾವ ಅಂಗಾಂಶ, ಯಾವ ಕಾಯಿಲೆ ಎಂಬುದು ಬದಲಾದಂತೆ ಉತ್ತರವೂ ಬದಲಾಗಿದೆ.

ಕೊಬ್ಬಿನ ಅಂಗಾಂಶದ ಸಾಕ್ಷ್ಯ

1993ರಲ್ಲಿ ಗೋಖಾನ್ ಹೋತಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಅಣು ಹೆಚ್ಚಾಗಿರುವುದನ್ನು ತೋರಿಸಿದರು. ಅದನ್ನು ತಟಸ್ಥಗೊಳಿಸಿದಾಗ ಇಲಿಗಳ ದೇಹ ಇನ್ಸುಲಿನ್‌ಗೆ ಮತ್ತೆ ಚೆನ್ನಾಗಿ ಸ್ಪಂದಿಸಿತು. ಕೊಬ್ಬೆಂದರೆ ಶಕ್ತಿಯನ್ನು ಕೂಡಿಡುವ ಉಗ್ರಾಣ ಮಾತ್ರ ಎಂಬ ಎಣಿಕೆ ಇಲ್ಲಿಂದ ಸಡಿಲವಾಯಿತು. ಹತ್ತು ವರ್ಷಗಳ ಅನಂತರ, 2003ರಲ್ಲಿ, ಎರಡು ತಂಡಗಳು ಬೇರೆ ಬೇರೆಯಾಗಿ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದವು: ಬೊಜ್ಜು ಏರಿದಂತೆ ಕೊಬ್ಬಿನ ಅಂಗಾಂಶದೊಳಗೆ ಮ್ಯಾಕ್ರೋಫೇಜ್‌ಗಳು, ಅಂದರೆ ಹೊಲಸನ್ನೂ ರೋಗಾಣುಗಳನ್ನೂ ನುಂಗುವ ರಕ್ಷಣಾ ಕೋಶಗಳು, ಬಂದು ಸೇರುತ್ತವೆ. ತೆಳ್ಳಗಿನವರ ಕೊಬ್ಬಿನಲ್ಲಿ ಶೇ. 10ಕ್ಕಿಂತ ಕಡಿಮೆಯಿರುವ ಇವುಗಳ ಪಾಲು ತೀರಾ ಬೊಜ್ಜಿರುವವರಲ್ಲಿ ಶೇ. 40ರ ಹತ್ತಿರ ಹೋಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಆ ನೋಟ ಹೀಗಿರುತ್ತದೆ. ಆರೋಗ್ಯವಂತ ಕೊಬ್ಬಿನ ಕೋಶಗಳು ತೆಳುಗೋಡೆಯ ದೊಡ್ಡ ಗುಳ್ಳೆಗಳಂತೆ ಒತ್ತೊತ್ತಾಗಿ ಕೂತಿರುತ್ತವೆ. ನಡುವೆ ಒಂದು ಕೋಶ ಸತ್ತಿರುತ್ತದೆ. ಗೋಡೆ ಕರಗಿ ಎಣ್ಣೆಯ ಹನಿಯಷ್ಟೇ ಉಳಿದಿದೆ. ಆ ಹನಿಯ ಸುತ್ತ, ಅಂಚಿಗೆ ಅಂಚು ತಾಗಿಸಿಕೊಂಡು, ಗಾಢ ಬಣ್ಣದ ಮ್ಯಾಕ್ರೋಫೇಜ್‌ಗಳು ಸಾಲುಗಟ್ಟಿವೆ. ಇಟಲಿಯ ಸವೇರಿಯೊ ಚಿಂತಿಯವರ ತಂಡ 2005ರಲ್ಲಿ ವಿವರಿಸಿದಂತೆ, ಬೊಜ್ಜಿನ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಇಂಥ ಕಿರೀಟಾಕಾರದ ಗುಂಪುಗಳಲ್ಲಿಯೇ. ಹಿಗ್ಗಲು ಜಾಗವಿಲ್ಲದೆ ಸತ್ತ ಕೋಶಗಳನ್ನು ತೆಗೆದುಹಾಕಲು ಅವು ಬಂದಿವೆ. ಹಾಗಿದ್ದರೆ ಉರಿಯೂತ ತಪ್ಪು ಮಾಡುತ್ತಿದೆಯೋ, ತನ್ನ ಕೆಲಸ ಮಾಡುತ್ತಿದೆಯೋ? 2014ರಲ್ಲಿ ಫಿಲಿಪ್ ಶೆರರ್ ಅವರ ಪ್ರಯೋಗಾಲಯ ಕೊಬ್ಬಿನ ಕೋಶಗಳಲ್ಲಿ ಮಾತ್ರ ಉರಿಯೂತವನ್ನು ಅಡಗಿಸಿದ ಇಲಿಗಳನ್ನು ಪರೀಕ್ಷಿಸಿತು. ಆ ಇಲಿಗಳು ಸುಧಾರಿಸಲಿಲ್ಲ. ಅವುಗಳ ಕೊಬ್ಬು ಸರಿಯಾಗಿ ಹಿಗ್ಗದೆ ಯಕೃತ್ತಿನಲ್ಲಿ ಜಿಡ್ಡು ತುಂಬಿ ಸ್ಥಿತಿ ಇನ್ನಷ್ಟು ಕೆಟ್ಟಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಪ್ರಯೋಗಗಳಲ್ಲಿ ಇದೊಂದು, ಜನಪ್ರಿಯ ಬರಹಗಳು ಮಾತ್ರ ಇದನ್ನು ಉಲ್ಲೇಖಿಸುವುದು ಅಪರೂಪ.

ಮನುಷ್ಯರ ಮೇಲಿನ ಫಲಿತಾಂಶಗಳೂ ಗೊಂದಲದವೇ. 1996ರಲ್ಲಿ ಮಧುಮೇಹಿಗಳಿಗೆ ಟಿಎನ್‌ಎಫ್ ವಿರೋಧಿ ಪ್ರತಿಕಾಯ ಕೊಟ್ಟಾಗ ಇನ್ಸುಲಿನ್ ಸ್ಪಂದನೆ ಬದಲಾಗಲಿಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋತಿತು. 2007ರಲ್ಲಿ 70 ರೋಗಿಗಳಿಗೆ ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ಅಣುವನ್ನು ತಡೆಯುವ ಅನಾಕಿನ್ರಾ ಕೊಟ್ಟ ಪ್ರಯೋಗ 13 ವಾರಗಳಲ್ಲಿ ಎಚ್‌ಬಿಎ1ಸಿಯನ್ನು, ಅಂದರೆ ಎರಡು-ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯ ಅಳತೆಯನ್ನು, 0.46 ಶೇಕಡಾ ಅಂಶದಷ್ಟು ಇಳಿಸಿತು. ಎಬ್‌ಸ್ಟೈನರ ಸ್ಯಾಲಿಸಿಲೇಟೂ ಮರಳಿ ಬಂದಿತು. ಅದು ಐಕೆಕೆ-ಬೀಟಾ ಎಂಬ ಉರಿಯೂತದ ಕಿಣ್ವವನ್ನು ತಡೆದು ಇನ್ಸುಲಿನ್ ಪ್ರತಿರೋಧ ಕಡಿಮೆ ಮಾಡುತ್ತದೆಂದು ಸ್ಟೀವನ್ ಶೋಲ್ಸನ್ ಅವರ ತಂಡ 2001ರಲ್ಲಿ ತೋರಿಸಿತು. ಅದರದೇ ರೂಪವಾದ ಸಾಲ್ಸಲೇಟ್ ಮೇಲಿನ 48 ವಾರಗಳ ಪ್ರಯೋಗದಲ್ಲಿ ಎಚ್‌ಬಿಎ1ಸಿ 0.37ರಷ್ಟು ಇಳಿಯಿತು, ಜೊತೆಗೆ ಎಲ್‌ಡಿಎಲ್ ಕೊಲೆಸ್ಟರಾಲೂ ಮೂತ್ರದ ಆಲ್ಬುಮಿನ್ನೂ ತುಸು ಏರಿದವು. ಇದರ ಮೇಲೆ 2012ರಲ್ಲಿ ಬಂದ ಶೋಧ: ಸ್ಯಾಲಿಸಿಲೇಟ್ ಎಎಂಪಿಕೆ ಎಂಬ ಚಯಾಪಚಯದ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆ. ಸಕ್ಕರೆ ಇಳಿದದ್ದು ಉರಿಯೂತ ತಗ್ಗಿದ್ದರಿಂದಲೇ ಎಂದು ಹೇಳುವ ದಾರಿಯೂ ಇಲ್ಲಿಗೆ ಕಿರಿದಾಯಿತು.

ರಕ್ತನಾಳದ ಸಾಕ್ಷ್ಯ

ಅಪಧಮನಿಯ ಕಥೆ ಹೆಚ್ಚು ಗಟ್ಟಿಯಾಗಿದೆ. 2010ರಲ್ಲಿ ನಾಳದ ಗೋಡೆಯ ಕೊಲೆಸ್ಟರಾಲ್ ಹರಳುಗಳೇ ಎನ್‌ಎಲ್‌ಆರ್‌ಪಿ3 ಎಂಬ ವ್ಯವಸ್ಥೆಯನ್ನು ಕೆರಳಿಸಿ ಇಂಟರ್‌ಲ್ಯೂಕಿನ್-1 ಬೀಟಾ ಹೊರಬರುವಂತೆ ಮಾಡುತ್ತವೆ ಎಂದು ತಿಳಿಯಿತು. 2017ರ ಕ್ಯಾಂಟಾಸ್ ಪ್ರಯೋಗ ಇದನ್ನೇ ಪರೀಕ್ಷಿಸಿತು. ಹಿಂದೆ ಹೃದಯಾಘಾತವಾಗಿದ್ದ, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಲೀಟರಿಗೆ 2 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚಿದ್ದ 10,061 ಜನರಿಗೆ ಮೂರು ತಿಂಗಳಿಗೊಮ್ಮೆ, ಆ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಕಿನುಮ್ಯಾಬ್ ಇಲ್ಲವೆ ಪ್ಲಸೀಬೊ ಚುಚ್ಚಲಾಯಿತು. 150 ಮಿ.ಗ್ರಾಂ. ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿದ ಒಟ್ಟು ಅಪಾಯ ಶೇ. 15 ತಗ್ಗಿತು, ಎಲ್‌ಡಿಎಲ್ ಕದಲಲಿಲ್ಲ. ಕೊಲೆಸ್ಟರಾಲನ್ನು ಮುಟ್ಟದೆ, ಉರಿಯೂತವನ್ನಷ್ಟೇ ತಡೆದು ಹೃದಯಾಘಾತ ಕಡಿಮೆ ಮಾಡಬಹುದೆಂದು ಮೊದಲ ಬಾರಿಗೆ ರುಜುವಾತಾಯಿತು.

ಆದರೆ ಅದೇ ಪ್ರಯೋಗದ ಉಳಿದ ಭಾಗವನ್ನೂ ಓದಬೇಕು. ಸೋಂಕಿನಿಂದಾದ ಸಾವುಗಳು ಔಷಧ ಪಡೆದವರಲ್ಲಿ ಹೆಚ್ಚಿದ್ದವು. ಒಟ್ಟು ಸಾವಿನ ಪ್ರಮಾಣ ಇಳಿಯಲಿಲ್ಲ. ಹೊಸದಾಗಿ ಮಧುಮೇಹ ಬರುವುದನ್ನೂ ಔಷಧ ತಡೆಯಲಿಲ್ಲ. ಮೊದಲ ಆರರಿಂದ ಒಂಬತ್ತು ತಿಂಗಳು ಎಚ್‌ಬಿಎ1ಸಿ ತುಸು ಇಳಿದು, ಆಮೇಲೆ ಆ ಲಾಭ ಉಳಿಯಲಿಲ್ಲ. ಒಂದೇ ಔಷಧ, ಒಂದೇ ದೇಹ, ಹೃದಯಕ್ಕೆ ಒಂದು ಉತ್ತರ, ಸಕ್ಕರೆಗೆ ಇನ್ನೊಂದು. ಇದರ ಬೆನ್ನಿಗೇ ಬಂದ ಮೆಥೋಟ್ರೆಕ್ಸೇಟಿನ ಪ್ರಯೋಗ 4,786 ಜನರಲ್ಲಿ ಯಾವ ಲಾಭವನ್ನೂ ತೋರಿಸಲಿಲ್ಲ. ಆ ಔಷಧ ಇಂಟರ್‌ಲ್ಯೂಕಿನ್-1 ಬೀಟಾವನ್ನಾಗಲಿ ಇಂಟರ್‌ಲ್ಯೂಕಿನ್-6 ಅನ್ನಾಗಲಿ ಇಳಿಸಿಯೇ ಇರಲಿಲ್ಲ. ಕೀಲುವಾತಕ್ಕೆ ಪ್ರಬಲವಾದ ಉರಿಯೂತ ಶಾಮಕ ಹೃದಯಕ್ಕೆ ಏನೂ ಮಾಡದೆ ಹೋಗಬಹುದು.

ಸಿ-ರಿಯಾಕ್ಟಿವ್ ಪ್ರೋಟೀನ್ ಸಂಬಂಧ ಒಂದು ಸ್ಪಷ್ಟನೆ ಅಗತ್ಯ. ವಂಶವಾಹಿಯ ಕಾರಣದಿಂದಲೇ ಈ ಪ್ರೋಟೀನ್ ಜೀವನವಿಡೀ ಹೆಚ್ಚಿರುವವರಿಗೆ ಹೃದ್ರೋಗ ಹೆಚ್ಚು ಬರುವುದಿಲ್ಲ ಎಂದು 2011ರ ವಿಶ್ಲೇಷಣೆ ಹೇಳಿದೆ. ಇಂಟರ್‌ಲ್ಯೂಕಿನ್-6ರ ಗ್ರಾಹಕದ ವಂಶವಾಹಿಯಲ್ಲಿ ವ್ಯತ್ಯಾಸವಿರುವವರಿಗೆ ಮಾತ್ರ ಅಪಾಯ ಸ್ವಲ್ಪ ಕಡಿಮೆ ಎಂದು 2012ರಲ್ಲಿ ತಿಳಿಯಿತು. ಹಾಗಾಗಿ ಈ ಪ್ರೋಟೀನು ಸೂಚಕ. ಕಾರಣ ಅದಕ್ಕಿಂತ ಮೇಲಿನ ಹಂತದಲ್ಲಿದೆ. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಈ ಅಂಕಿಯನ್ನು ಒಮ್ಮೆ ಅಳೆದು ಕೆಂಪು ಶಾಯಿಯಲ್ಲಿ ಮುದ್ರಿಸಿ ಕೊಡುವ ಪದ್ಧತಿ ಇದನ್ನು ಮರೆತಂತಿದೆ. 10 ದಾಟಿದ್ದರೆ ನೆಗಡಿ, ಹಲ್ಲಿನ ಹುಳುಕು, ಮೂತ್ರದ ಸೋಂಕು ಏನಾದರೂ ಇದೆಯೇ ಎಂದು ಮೊದಲು ನೋಡಿ, ಎರಡು ವಾರ ಬಿಟ್ಟು ಮತ್ತೆ ಅಳೆಯಬೇಕು.

ಇಂಟರ್‌ಲ್ಯೂಕಿನ್-6 ಕೂಡ ಸದಾ ಖಳನಾಯಕನಲ್ಲ. ವ್ಯಾಯಾಮದ ವೇಳೆ ದುಡಿಯುವ ಸ್ನಾಯುವೇ ಅದನ್ನು ರಕ್ತಕ್ಕೆ ಬಿಡುತ್ತದೆ. 2019ರ ಕೋಪನ್‌ಹೇಗನ್ ಅಧ್ಯಯನದಲ್ಲಿ 12 ವಾರ ಸೈಕಲ್ ತುಳಿದವರ ಹೊಟ್ಟೆಯೊಳಗಿನ ಕೊಬ್ಬು ಕರಗಿತು. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ತಡೆಯುವ ಔಷಧ ಪಡೆದು ತುಳಿದವರದು ಕರಗಲಿಲ್ಲ.

ಭಾರತದ ಸಂದರ್ಭ

ಇಲ್ಲಿ ಎರಡು ಸಂಗತಿಗಳು ಲೆಕ್ಕಾಚಾರವನ್ನು ಬದಲಿಸುತ್ತವೆ. ಮೊದಲನೆಯದು ಮೈಕಟ್ಟು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ದೇಹದ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಪುಣೆಯ ಹಳ್ಳಿಗಳ ನವಜಾತ ಶಿಶುಗಳಲ್ಲಿಯೂ ತೂಕ ಕಡಿಮೆಯಿದ್ದು ಬೆನ್ನಿನ ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಉಳಿದುಕೊಂಡಿರುವುದನ್ನು ಯಾಜ್ಞಿಕ್ ಅವರ ತಂಡ ತೋರಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ 1934ರಿಂದೀಚಿನ ಜನನ ದಾಖಲೆಗಳನ್ನು ಆಧರಿಸಿದ ಅಧ್ಯಯನದಲ್ಲೂ ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ ಮುಂದೆ ಮಧುಮೇಹ ಹೆಚ್ಚು ಕಂಡಿತು. ತಕ್ಕಡಿ ತೋರಿಸದ ಕೊಬ್ಬು ಉರಿಯೂತದ ಅಣುಗಳನ್ನು ಹೊರಬಿಡುತ್ತಲೇ ಇರಬಹುದು. 2023ರ ಐಸಿಎಂಆರ್-ಇಂಡಿಯಾಬ್ ವರದಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳನ್ನು ಅಂದಾಜಿಸಿದೆ.

ಎರಡನೆಯದು ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಶ್ವಾಸಕೋಶದಲ್ಲಿ ಕ್ಷಯದ ರೋಗಾಣುವನ್ನು ಗಂಟಿನೊಳಗೆ ಕೂಡಿಹಾಕಿರುವುದೇ ಟಿಎನ್‌ಎಫ್; ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಕ್ಷಯ ಪ್ರಕರಣಗಳನ್ನು 2001ರಲ್ಲೇ ಅಮೆರಿಕದ ಸಂಶೋಧಕರು ಎಣಿಸಿದ್ದರು. ಸುಪ್ತ ಕ್ಷಯ ಸಾಮಾನ್ಯವಾಗಿರುವ ಸಮಾಜದಲ್ಲಿ, ಹೃದಯದ ಸಲುವಾಗಿ ಉರಿಯೂತವನ್ನು ವರ್ಷಗಟ್ಟಲೆ ಅಡಗಿಸುವ ಚಿಕಿತ್ಸೆಯ ಲಾಭನಷ್ಟವನ್ನು ಬೇರೆ ದೇಶಗಳ ಅಂಕಿಗಳಿಂದ ತೂಗಲಾಗದು.

ಅಗ್ಗದ ಪರ್ಯಾಯವಾಗಿ ಚರ್ಚೆಯಲ್ಲಿರುವುದು ಕಾಲ್ಚಿಸಿನ್. ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿಹೂವಿನ ಬಳ್ಳಿಯಲ್ಲಿ, ಗೆಡ್ಡೆಯಲ್ಲಿ, ಬೀಜದಲ್ಲಿ ಇರುವ ವಿಷ ಇದೇ. ಗೆಡ್ಡೆ ತಿಂದವರು ಸತ್ತದ್ದೂ ಉಂಟು. ಗೌಟ್‌ಗೆ ಬಳಸುವ ಈ ಔಷಧ ದಿನಕ್ಕೆ 0.5 ಮಿ.ಗ್ರಾಂ. ಪ್ರಮಾಣದಲ್ಲಿ 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ಹೃದ್ರೋಗದ ಅಪಾಯ ತಗ್ಗಿಸಿತು, 2023ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಮರುವರ್ಷ 7,062 ಹೃದಯಾಘಾತದ ರೋಗಿಗಳ ಪ್ರಯೋಗದಲ್ಲಿ ಹೃದಯದ ತೊಂದರೆ ಕಂಡವರು ಕಾಲ್ಚಿಸಿನ್ ಗುಂಪಿನಲ್ಲಿ ಶೇ. 9.1, ಪ್ಲಸೀಬೊ ಗುಂಪಿನಲ್ಲಿ ಶೇ. 9.3, ಅಂದರೆ ವ್ಯತ್ಯಾಸವಿಲ್ಲ. ಮೂತ್ರಪಿಂಡ ಕುಗ್ಗಿರುವವರಲ್ಲಿ ಈ ಔಷಧ ದೇಹದಲ್ಲಿ ಶೇಖರವಾಗುತ್ತದೆ, ಕ್ಲಾರಿತ್ರೋಮೈಸಿನ್ ಎಂಬ ಪ್ರತಿಜೀವಕದ ಜೊತೆ ಸೇರಿದರೆ ಮಾರಕವಾಗಬಹುದು. ನಮ್ಮ ಮಧುಮೇಹಿಗಳಲ್ಲಿ ಮೂತ್ರಪಿಂಡದ ತೊಂದರೆ ಅಪರೂಪವಲ್ಲ. ಹಾಗಾಗಿ ಇಲ್ಲಿ ನಡೆಯುವ ಪ್ರಯೋಗ ಸೇರ್ಪಡೆಗೆ ಮುನ್ನ ಸುಪ್ತ ಕ್ಷಯವನ್ನೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ನನ್ನೂ ನೋಡಬೇಕು, ದೇಹತೂಕದ ಬದಲು ಸೊಂಟದ ಸುತ್ತಳತೆಯಿಂದ ಗುಂಪು ಮಾಡಬೇಕು, ಹೃದಯದ ಫಲಿತಾಂಶವನ್ನೂ ಸಕ್ಕರೆಯ ಫಲಿತಾಂಶವನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಬೇಕು.