ಬಾಗಿಲು ಹಾಕುವ ದಿನ ಊರಿನ ಲೆಕ್ಕ ಚುಕ್ತಾ ಮಾಡುವವರು ಯಾರು?

ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ಹತ್ತಿ ನೋಡಿ. ಕೂರಲು ಜಾಗ ಸಿಗುವುದು ಕಷ್ಟ. ಕೆಜಿಎಫ್‌ನ ಜನ ದಿನಗೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಹಳಿ ಹಾಕಿದ್ದು ಚಿನ್ನದ ಗಣಿಗಾಗಿ. ಗಣಿ ಮುಚ್ಚಿತು, ಹಳಿ ಉಳಿಯಿತು. ಕೆಲಸಕ್ಕೆಂದು ಜನ ಬರುತ್ತಿದ್ದ ಊರಿನಿಂದ ಈಗ ಕೆಲಸಕ್ಕೆಂದು ಜನ ಹೊರಗೆ ಹೋಗುತ್ತಾರೆ.

ನಮ್ಮ ಸುತ್ತಲೂ ಫ್ಯಾಕ್ಟರಿ ಬಂತು ಅಂದರೆ ಸಂಭ್ರಮ. ಅದು ಹೋಗುವಾಗ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ತಿಳಿಯಲು ಕೋಲಾರದ ಚಿನ್ನದ ಗಣಿಗಿಂತ ದೊಡ್ಡ ಪಾಠ ನಮ್ಮ ರಾಜ್ಯದಲ್ಲಿ ಸಿಗುವುದು ಕಡಿಮೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಇಲ್ಲಿಗೆ ಬಂತು. ಬರಗಾಲ, ಜಾತಿಯ ಕಾಟ, ಸಾಲ ಇವುಗಳಿಂದ ತಪ್ಪಿಸಿಕೊಂಡು ತಮಿಳು, ತೆಲುಗು ಸೀಮೆಯ ಬಡವರು ಕೆಲಸಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ದಲಿತರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಮೊದಲು ಬಂದದ್ದು ಈ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಬೇತಮಂಗಲದ ಕೆರೆಯಿಂದ ನೀರು ಬಂತು. ಆಸ್ಪತ್ರೆ, ಶಾಲೆ, ಸಾಲು ಸಾಲು ಲೈನ್ ಮನೆಗಳು ಎದ್ದವು. ನೀರು, ದೀಪ, ಮನೆ, ಔಷಧಿ ಎಲ್ಲಕ್ಕೂ ಯಜಮಾನ ಒಬ್ಬನೇ, ಕಂಪನಿ. ಸುಖ ಅನ್ನಿಸಿದ್ದೂ ಇದೇ, ಮುಂದೆ ಕುತ್ತಿಗೆಗೆ ಬಂದದ್ದೂ ಇದೇ.

ಚಿನ್ನ ತೆಗೆಯಲು ಜನ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಕಲ್ಲಿನ ಧೂಳು ಕುಡಿದು ಎಷ್ಟೋ ಜನರ ಶ್ವಾಸಕೋಶ ಹಾಳಾಯಿತು. ಆ ರೋಗಕ್ಕೆ ಸಿಲಿಕೋಸಿಸ್ ಅಂತ ಹೆಸರು. ಇಲ್ಲಿಂದ ಒಟ್ಟು ತೆಗೆದ ಚಿನ್ನ ಸುಮಾರು 800 ಟನ್.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಬಹುಕಾಲ ಇಲ್ಲಿನ ಚಿನ್ನ ಪೇಟೆ ಬೆಲೆಗೆ ಮಾರಾಟವಾಗಲಿಲ್ಲ. ಅದಕ್ಕಿಂತ ಕಡಿಮೆಯಿದ್ದ ಅಂತಾರಾಷ್ಟ್ರೀಯ ದರಕ್ಕೆ ಸರ್ಕಾರಕ್ಕೇ ಕೊಡಬೇಕಿತ್ತು. ಆಳ ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ಖರ್ಚು ಏರಿತು. ಪುಸ್ತಕದಲ್ಲಿ ನಷ್ಟ ಅಂತ ಬರೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಕಾರ್ಮಿಕರಿಗೆ ಪರಿಹಾರದ ಪ್ಯಾಕೇಜ್ ಮಾಡಿದರು. ಅದು ಸಾಲದು ಅಂತ ಅವರು ವರ್ಷಗಟ್ಟಲೆ ಕೋರ್ಟು ಅಲೆದರು. ಆದರೆ ಟೀ ಅಂಗಡಿಯವನ, ತರಕಾರಿ ಮಾರುವವಳ, ಟೈಲರನ ಹೆಸರು ಯಾವ ಪುಸ್ತಕದಲ್ಲಿತ್ತು? ಗಣಿಯ ಸಂಬಳದ ದಿನವನ್ನೇ ನಂಬಿ ಅವರು ಸಾಲ ಕೊಡುತ್ತಿದ್ದರು. ಸಂಬಳ ನಿಂತ ಮೇಲೆ ಆ ಸಾಲವೂ ಮುಳುಗಿತು.

ಉಳಿದದ್ದು ಸೈನೈಡ್ ದಿಬ್ಬ. ಅದಿರನ್ನು ಪುಡಿ ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಮಿಕ್ಕ ಬೂದುಮಣ್ಣನ್ನು ಊರ ಪಕ್ಕದಲ್ಲೇ ಸುರಿದರು. ಇಂಥ 13 ದಿಬ್ಬಗಳಿವೆ, ಸುಮಾರು ಸಾವಿರ ಎಕರೆಯಲ್ಲಿ. ಗಾಳಿಗಾಲದಲ್ಲಿ ಆ ಧೂಳು ಮನೆಯೊಳಗೆ, ಅನ್ನದ ತಟ್ಟೆಗೆ ಬರುತ್ತದೆ. ಆ ಮಣ್ಣಿನಲ್ಲಿ ಇನ್ನೂ ಸ್ವಲ್ಪ ಚಿನ್ನ ಇದೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬದಲ್ಲಿ ಚಿನ್ನ ಇದೆ ಅಂದಾಗ ವಾರಸುದಾರರು ಬರುತ್ತಾರೆ. ಧೂಳು ಇದೆ ಅಂದಾಗ ಯಾರೂ ಬರಲಿಲ್ಲ.

ಕಾನೂನು ಏನು ಮಾಡುತ್ತಿತ್ತು? 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಅಥವಾ ಗಣಿ ಮುಚ್ಚಲು 90 ದಿನ ಮೊದಲೇ ಸರ್ಕಾರದ ಅನುಮತಿ ಕೇಳಬೇಕಿತ್ತು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. 2020ರ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಆ 100ನ್ನು 300ಕ್ಕೆ ಏರಿಸಿದೆ. ಅಂದರೆ 250 ಜನರಿರುವ ಫ್ಯಾಕ್ಟರಿಗೆ ಅನುಮತಿ ಬೇಕಿಲ್ಲ. ಎರಡರಲ್ಲೂ ಅರ್ಜಿಯ ಪ್ರತಿ ಕಾರ್ಮಿಕರಿಗೆ ಹೋಗಬೇಕು, ಗ್ರಾಮ ಪಂಚಾಯಿತಿಗೆ ಅಲ್ಲ.

ಗಣಿ ಮುಚ್ಚಿದ ಮೇಲೆ ನೆಲ ಸರಿಪಡಿಸುವ ಯೋಜನೆ ಇರಬೇಕು, ಅದಕ್ಕೆ ಹಣದ ಭದ್ರತೆ ಮೊದಲೇ ಇಡಬೇಕು ಎಂಬ ನಿಯಮ ಬಂದದ್ದು 2003ರಲ್ಲಿ. ಕೋಲಾರದ ಗಣಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು.

ಸಿಎಸ್‌ಆರ್ ಇದೆಯಲ್ಲ ಅನ್ನಬಹುದು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ. ಆದರೆ ಲೆಕ್ಕ ಇರುವುದು ಲಾಭದ ಮೇಲೆ. ಬಾಗಿಲು ಹಾಕುವ ಕಂಪನಿ ಸಾಮಾನ್ಯವಾಗಿ ನಷ್ಟದಲ್ಲೇ ಇರುತ್ತದೆ. ಊರಿಗೆ ಹಣ ಹೆಚ್ಚು ಬೇಕಾದ ಹೊತ್ತಿಗೆ ಸರಿಯಾಗಿ ಅದು ಸೊನ್ನೆಯಾಗುತ್ತದೆ.

ಹಾಗಾಗಿ ಊರಿನ ಲೆಕ್ಕ ಕೇಳಬೇಕಾದದ್ದು ಮುಚ್ಚುವ ದಿನ ಅಲ್ಲ, ತೆರೆಯುವ ದಿನ. ನಿಮ್ಮ ಪಕ್ಕದಲ್ಲಿ ಫ್ಯಾಕ್ಟರಿ ಬರುವುದಿದ್ದರೆ ಗ್ರಾಮಸಭೆಯಲ್ಲಿ ನಾಲ್ಕು ಮಾತು ಕೇಳಿ. ಬೋರ್‌ವೆಲ್, ಪೈಪ್‌ಲೈನ್ ಆಮೇಲೆ ಯಾರಿಗೆ ಸೇರುತ್ತದೆ? ತ್ಯಾಜ್ಯ ಎಲ್ಲಿ ಹಾಕುತ್ತೀರಿ, ಹೋಗುವಾಗ ಯಾರು ತೆಗೆಯುತ್ತಾರೆ? ಗುತ್ತಿಗೆ ಕಾರ್ಮಿಕರ ಹೆಸರು ಪುಸ್ತಕದಲ್ಲಿ ಇರುತ್ತದೆಯೇ? ಇದಕ್ಕೆಲ್ಲ ಹಣ ಈಗಲೇ ಎಲ್ಲಿ ಇಡುತ್ತೀರಿ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರದ ಷರತ್ತುಗಳನ್ನು ಆರ್‌ಟಿಐ ಹಾಕಿ ತರಿಸಿ ಓದಿ.

ಬಾಡಿಗೆ ಮನೆ ಬಿಡುವವನೂ ಸುಣ್ಣ ಬಳಿಸಿ, ಕರೆಂಟ್ ಬಿಲ್ ಕಟ್ಟಿ ಬೀಗದ ಕೈ ಕೊಡುತ್ತಾನೆ. ನೂರಿಪ್ಪತ್ತು ವರ್ಷ ಒಂದು ಊರಿನ ನೆಲದಲ್ಲಿ ಇದ್ದವರಿಂದ ಅಷ್ಟನ್ನಾದರೂ ಕೇಳುವುದು ದುರಾಸೆ ಅಲ್ಲ ಅಂತ ನಾವು ನಂಬುತ್ತೇವೆ.