ದೇವಸ್ಥಾನದಿಂದ ನಾಲ್ಕನೇ ಮನೆ: ಐಬಿಎಂ 360ರ ವಿಳಾಸದ ಕಥೆ

ಬಿ.ಕಾಂ ಓದಿದವನಿಗೆ ಮೇನ್‌ಫ್ರೇಮ್ ಯಾಕಪ್ಪಾ ಅಂತ ಕೇಳ್ಬಹುದು. ಇದೂ ಒಂದು ಉಳಿತಾಯದ ಲೆಕ್ಕವೇ. ಜೊತೆಗೆ ಕೈತಪ್ಪಿದ ಗಿರಾಕಿಯ ಕಥೆಯೂ ಹೌದು.

1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಮ್/360 ಸರಣಿಯನ್ನು ಪ್ರಕಟಿಸಿತು. ಜೀನ್ ಆಮ್ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಅದರ ವಿನ್ಯಾಸಕಾರರು. ವಿಳಾಸಕ್ಕೆ 24 ಬಿಟ್. ಅಂದ್ರೆ ಸುಮಾರು 1 ಕೋಟಿ 67 ಲಕ್ಷ ಬೈಟ್‌ಗಳನ್ನು ಗುರುತಿಸಬಹುದು. ಆದರೆ ಮೆಮೊರಿ ಆಗ ಬಲು ದುಬಾರಿ. ಪ್ರತಿ ಇನ್‌ಸ್ಟ್ರಕ್ಷನ್‌ನಲ್ಲೂ ಪೂರ್ತಿ ವಿಳಾಸ ಬರೆಯೋದು ದುಂದುವೆಚ್ಚ.

ನಾವು ದಾರಿ ಹೇಳೋದು ಹೇಗೆ? "ದೇವಸ್ಥಾನದಿಂದ ನಾಲ್ಕನೇ ಮನೆ" ಅಂತ ಅಲ್ವಾ? ಅವರು ಮಾಡಿದ್ದೂ ಅದನ್ನೇ. 16 ರಿಜಿಸ್ಟರ್‌ಗಳಲ್ಲಿ ಯಾವುದು ದೇವಸ್ಥಾನ ಅನ್ನೋಕೆ 4 ಬಿಟ್, ಅಲ್ಲಿಂದ ಎಷ್ಟು ದೂರ ಅನ್ನೋಕೆ 12 ಬಿಟ್. ಒಟ್ಟು 16. ಪ್ರತಿ ವಿಳಾಸಕ್ಕೂ 8 ಬಿಟ್ ಉಳೀತು. ಆ ದೇವಸ್ಥಾನವೇ ಬೇಸ್ ರಿಜಿಸ್ಟರ್. ಒಂದು ಬೇಸ್‌ನಿಂದ 4096 ಬೈಟ್‌ವರೆಗೆ ಮಾತ್ರ ಕೈಗೆಟುಕುತ್ತೆ. ಪ್ರೋಗ್ರಾಂ ಅದಕ್ಕಿಂತ ಉದ್ದವಾದ್ರೆ ಇನ್ನೊಂದು ರಿಜಿಸ್ಟರ್ ಮೀಸಲಿಡಬೇಕು. ಅಸೆಂಬ್ಲರ್ ಬರೆಯೋರಿಗೆ ಅದೊಂದು ನಿತ್ಯದ ತಲೆನೋವು.

ಪ್ರೋಗ್ರಾಂ ಶುರುವಾಗುತ್ತಲೇ ಬಿಎಎಲ್‌ಆರ್ ಅನ್ನೋ ಇನ್‌ಸ್ಟ್ರಕ್ಷನ್‌ನಿಂದ "ನಾನೀಗ ಇರೋದೆಲ್ಲಿ" ಅಂತ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತೆ. ಹಾಗಾಗಿ ಮೆಮೊರಿಯಲ್ಲಿ ಎಲ್ಲಿ ತಂದಿಟ್ಟರೂ ನಡೆಯುತ್ತೆ. ಜಾಣತನವೇ, ಒಪ್ಪಿದೆ.

ಎಡವಟ್ಟು ಇರೋದು ಆಮೇಲೆ. ಅರ್ಧ ಓಡಿದ ಪ್ರೋಗ್ರಾಂ ಅನ್ನು ಡಿಸ್ಕ್‌ಗೆ ಕಳಿಸಿ, ವಾಪಸ್ ಬೇರೆ ಜಾಗಕ್ಕೆ ತಂದ್ರೆ? ರಿಜಿಸ್ಟರ್‌ನಲ್ಲಿರೋದು ಹಳೆ ವಿಳಾಸ. ತಿದ್ದೋಣ ಅಂದ್ರೆ, ಲೆಕ್ಕ ಮಾಡೋದೂ ಅದೇ 16 ರಿಜಿಸ್ಟರ್‌ಗಳಲ್ಲಿ. ಯಾವುದು ವಿಳಾಸ, ಯಾವುದು ಯಾರದೋ ಸಂಬಳದ ಮೊತ್ತ ಅಂತ ಯಂತ್ರಕ್ಕೆ ತಿಳಿಯೋದೇ ಇಲ್ಲ!

ಎಂಐಟಿಗೆ ಬೇಕಿದ್ದದ್ದು ಅದೇ ಸೌಲಭ್ಯ. ಹಲವರು ಒಂದೇ ಕಂಪ್ಯೂಟರ್ ಹಂಚಿಕೊಳ್ಳುವಾಗ ಪ್ರೋಗ್ರಾಂಗಳು ಒಳಗೆ ಹೊರಗೆ ಓಡಾಡ್ತಾನೇ ಇರಬೇಕು. 360ರಲ್ಲಿ ಅದಕ್ಕೆ ವ್ಯವಸ್ಥೆ ಇರಲಿಲ್ಲ. ತನ್ನ ಮಲ್ಟಿಕ್ಸ್ ಯೋಜನೆಗೆ ಎಂಐಟಿ ಜನರಲ್ ಎಲೆಕ್ಟ್ರಿಕ್ ಯಂತ್ರವನ್ನು ಆರಿಸಿತು. ಬೆಲ್ ಲ್ಯಾಬ್ಸ್ ಕೂಡ ಅದರ ಜೊತೆಗೂಡಿತು.

ಐಬಿಎಂ 1965ರಲ್ಲಿ ಮಾಡೆಲ್ 67 ಪ್ರಕಟಿಸಿತು. ಪ್ರೋಗ್ರಾಂ ಹೇಳೋ ವಿಳಾಸವನ್ನು ನಿಜವಾದ ಜಾಗಕ್ಕೆ ಬದಲಿಸೋ ಕೆಲಸ ಅದರಲ್ಲಿ ಯಂತ್ರದ್ದೇ. ಪ್ರೋಗ್ರಾಂಗೆ ತನ್ನ ದೇವಸ್ಥಾನ ಇದ್ದಲ್ಲೇ ಇದೆ ಅಂತ ಅನಿಸುತ್ತೆ, ಅಷ್ಟೇ. 370 ಸರಣಿಗೂ ಈ ಸೌಲಭ್ಯವನ್ನು ಐಬಿಎಂ ಘೋಷಿಸಿದ್ದು 1972ರಲ್ಲಿ. ಬೇಸ್ ರಿಜಿಸ್ಟರ್ ಮಾತ್ರ ಹಾಗೇ ಉಳೀತು, 4096ರ ಗಡಿಯ ಸಮೇತ.