62 ವಿಕೆಟ್, ಸೊನ್ನೆ ಟೆಸ್ಟ್

1999–2000ರ ರಣಜಿ ಋತುವಿನ ಮಾತು ಬಂದರೆ ಹೈದರಾಬಾದಿನಲ್ಲಿ ನೆನಪಾಗುವುದು ವಿ.ವಿ.ಎಸ್. ಲಕ್ಷ್ಮಣ್ ಗಳಿಸಿದ 1,415 ರನ್. ಅದೇ ತಂಡದಲ್ಲಿ, ಅದೇ ಋತುವಿನಲ್ಲಿ, ನಲವತ್ತು ದಾಟಿದ್ದ ಆಫ್‌ಸ್ಪಿನ್ನರ್ ಕನ್ವಲ್‌ಜಿತ್ ಸಿಂಗ್ 62 ವಿಕೆಟ್ ಪಡೆದಿದ್ದರು. ರಣಜಿಯ ಒಂದು ಋತುವಿನಲ್ಲಿ ಅದಕ್ಕಿಂತ ಹೆಚ್ಚು ವಿಕೆಟ್ ಆಗ ಒಬ್ಬರ ಹೆಸರಿನಲ್ಲಿ ಮಾತ್ರ ಇತ್ತು: 1974–75ರಲ್ಲಿ 64 ಪಡೆದ ಬಿಷನ್ ಸಿಂಗ್ ಬೇಡಿ.

ಕನ್ವಲ್‌ಜಿತ್ ಒಂದು ಟೆಸ್ಟನ್ನೂ ಆಡಲಿಲ್ಲ. ಹುಟ್ಟಿದ ಕಾಲ ಮತ್ತು ಊರು, ಎರಡೂ ಅವರಿಗೆ ಅಡ್ಡ ಬಂದವು. ಗುಲಾಂ ಅಹ್ಮದರ ಕಾಲದಿಂದಲೂ ಹೈದರಾಬಾದಿನಲ್ಲಿ ಆಫ್‌ಸ್ಪಿನ್ನರುಗಳಿಗೆ ಬರವಿಲ್ಲ. ಶಿವಲಾಲ್ ಯಾದವ್, ಆಮೇಲೆ ಅರ್ಷದ್ ಅಯೂಬ್, ಇಬ್ಬರೂ ಇದೇ ತಂಡದಿಂದ ಭಾರತಕ್ಕೆ ಆಡಿದರು. ಊರ ತಂಡದಲ್ಲೇ ಸರದಿ ಕಾಯಬೇಕಾದವರಿಗೆ ದೇಶದ ಬಾಗಿಲು ಇನ್ನೂ ದೂರ.

‘ಹಾಲ್ ಆಫ್ ಫೇಮ್’ ಅನ್ನು ಕನ್ನಡಕ್ಕೆ ತರುವಾಗಲೆಲ್ಲ ನನ್ನ ಕೈ ತಡೆಯುತ್ತದೆ. ‘ಕೀರ್ತಿ ಭವನ’ ಎಂದು ಬರೆದರೆ ಈಗಾಗಲೇ ಕೀರ್ತಿವಂತರಾದವರಿಗೆ ಇನ್ನೊಂದು ಮನೆ ಕಟ್ಟಿಕೊಟ್ಟಂತೆ. ಕೀರ್ತಿ ಬೇರೆ, ಅರ್ಹತೆ ಬೇರೆ. ನಮ್ಮ ಕ್ರಿಕೆಟ್ ಮಂಡಳಿ ಆ ವ್ಯತ್ಯಾಸವನ್ನು ಒಮ್ಮೆ ಒಪ್ಪಿಕೊಂಡಿತು. 2017ರಲ್ಲಿ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿಯನ್ನು ಟೆಸ್ಟ್ ಆಡದ ರಾಜಿಂದರ್ ಗೋಯಲ್ ಮತ್ತು ಪದ್ಮಾಕರ ಶಿವಾಲ್ಕರ್ ಅವರಿಗೆ ಕೊಟ್ಟಿತು.

ಎದುರುವಾದವೂ ಇದೆ, ಅದು ಸುಳ್ಳಲ್ಲ. ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದವರು. ಕನ್ವಲ್‌ಜಿತ್ ಅವರ ಒಟ್ಟು ಲೆಕ್ಕ ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ದೊಡ್ಡ ಋತುವನ್ನೇ ಜೀವಮಾನ ಸಾಧನೆ ಎನ್ನಬಹುದೇ? ಹಾಗೆ ನೋಡಿದರೆ ನಮ್ಮ ದೊಡ್ಡ ಗಣೇಶ್ ಅವರೂ ಸರದಿಯಲ್ಲಿದ್ದಾರೆ. ಹಿಂದಿನ ವರ್ಷವಷ್ಟೇ, ಕರ್ನಾಟಕ ರಣಜಿ ಗೆದ್ದ 1998–99ರಲ್ಲಿ, ಅವರು ಪಡೆದದ್ದೂ ಸರಿಯಾಗಿ 62. 1997ರಲ್ಲಿ ನಾಲ್ಕು ಟೆಸ್ಟ್ ಆಡಿ ಹೊರಬಿದ್ದಿದ್ದ ಅವರಿಗೆ ಆ 62 ವಿಕೆಟ್‌ಗಳೂ ಮತ್ತೆ ಬಾಗಿಲು ತೆರೆಯಲಿಲ್ಲ.

ಆದ್ದರಿಂದ ಜೀವಮಾನ ಪ್ರಶಸ್ತಿಗೆ ನಾನು ಪಟ್ಟು ಹಿಡಿಯುವುದಿಲ್ಲ. ಆದರೆ ಬೇಡಿಕೆಯೇ ಇಲ್ಲವೆಂದಲ್ಲ. ಆ ವರ್ಷ ಹೈದರಾಬಾದ್ ಫೈನಲ್ ತಲುಪಿ ಮುಂಬೈಗೆ ಸೋತಿತು. ಎದುರಾಳಿಯ ವಿಕೆಟ್ ಪಡೆಯದೆ ಬರಿಯ ರನ್‌ಗಳಿಂದ ಯಾವ ತಂಡವೂ ಅಷ್ಟು ಸುಲಭವಾಗಿ ಮುಂದೆ ಬರುವುದಿಲ್ಲ. ಈ ಊರು 1,415 ಅನ್ನು ಹೇಳುವಾಗಲೆಲ್ಲ ಅದೇ ಉಸಿರಿನಲ್ಲಿ 62 ಅನ್ನೂ ಹೇಳಲಿ. ಭವನ ಕಟ್ಟುವುದು ಆಮೇಲಿನ ಮಾತು.